ತುಳಸಿಗೆ ಬಂದದ್ದು ಜೇನೋ, ನೊಣವೋ?

ಕಳೆದ ತಿಂಗಳು ನಮ್ಮ ವಾಚನಾಲಯದ ಫಲಕಕ್ಕೆ ಒಂದು ಚಿತ್ರವನ್ನು ಅಂಟಿಸಿ, ಅದರ ಕೆಳಗೆ ‘ಜೇನುಹುಳು’ ಎಂದು ಬರೆದಿದ್ದೆವು. ಮುಂಬಯಿಯ ಚಾಳೊಂದರ ತುಳಸಿಕುಂಡದಲ್ಲಿ ತೆಗೆದ ಚಿತ್ರವದು. ಮರುದಿನವೇ, ಕ್ಯಾಂಟೀನಿನ ಕೆಲಸ ಮುಗಿಸಿ ಪತ್ರಿಕೆ ಓದಲು ಬಂದ ಸದಸ್ಯರೊಬ್ಬರು, “ಇದು ಜೇನಲ್ಲ ಮಾರಾಯ್ರೆ, ನೊಣ” ಎಂದರು. ನಾವು ಒಪ್ಪಲಿಲ್ಲ. ನಮ್ಮ ಫೋನಿನಲ್ಲಿದ್ದ ಚಿತ್ರವನ್ನೇ ದೊಡ್ಡದು ಮಾಡಿ ತೋರಿಸಿದ ಮೇಲೆ ಒಪ್ಪದೆ ಗತಿಯಿರಲಿಲ್ಲ.

ಹಳದಿ-ಕಪ್ಪು ಪಟ್ಟೆಯನ್ನು ಕಂಡು ನಾವು ಮೋಸಹೋಗಿದ್ದೆವು. ಹೂನೊಣಕ್ಕೆ ಕೊಂಡಿಯಿಲ್ಲ; ಕುಟುಕುವವರ ವೇಷ ಹಾಕಿ ಹಕ್ಕಿಗಳಿಂದ ಪಾರಾಗುವುದು ಅದರ ಉಪಾಯ. ಜೇನಿಗೆ ಎರಡು ಜೊತೆ ರೆಕ್ಕೆ, ನೊಣಕ್ಕೆ ಒಂದೇ ಜೊತೆ ಎಂಬುದು ಪುಸ್ತಕದ ಪಾಠ. ಪಾಠ ಸರಿಯೇ, ಆದರೆ ಜೇನಿನ ಹಿಂದಿನ ರೆಕ್ಕೆಯು ಸಣ್ಣ ಕೊಕ್ಕೆಗಳಿಂದ ಮುಂದಿನದಕ್ಕೆ ಸಿಕ್ಕಿಕೊಂಡಿರುವುದರಿಂದ ಚಿತ್ರದಲ್ಲಿ ಎರಡೂ ಒಂದಾಗಿ ಕಾಣುತ್ತವೆ. ಆದುದರಿಂದ ಮೊದಲು ಮುಖವನ್ನು ನೋಡತಕ್ಕದ್ದು. ಹೂನೊಣದ ಕಣ್ಣುಗಳು ತಲೆಯನ್ನೆಲ್ಲ ಆವರಿಸಿದಂತಿರುತ್ತವೆ, ಮೀಸೆ ಮೊಟಕು. ಜೇನಿನ ಮೀಸೆ ಉದ್ದ, ಮೊಣಕೈಯಂತೆ ಬಾಗಿದ್ದು. ಹಿಂಗಾಲಿನಲ್ಲಿ ಪರಾಗದ ಉಂಡೆಯಿದ್ದರೆ ಜೇನೆಂಬುದರಲ್ಲಿ ಸಂಶಯ ಬೇಡ.

ಇಷ್ಟು ಎಚ್ಚರವೇಕೆಂದು ಕೇಳೀರಿ. ನಮ್ಮ ಫಲಕವನ್ನು ಓದಿ, ಆ ಕುಂಡವಿದ್ದ ಮನೆಯ ಅಕ್ಕನವರು ಮಗುವಿಗೆ ಜೇನು ಕುಟುಕೀತೆಂದು ಹೆದರಿ ಗಿಡಕ್ಕೆ ಕೀಟನಾಶಕ ಹೊಡೆಯಲು ಹೊರಟಿದ್ದರು! ಎಷ್ಟೋ ಜಾತಿಯ ಹೂನೊಣಗಳ ಮರಿಹುಳುಗಳು ಗಿಡದ ಹೇನನ್ನು ತಿಂದು ಬೆಳೆಯುತ್ತವೆ. ಮೇಲಾಗಿ, ಅದೇ ತುಳಸಿಯ ಎಲೆ ಮಗುವಿನ ಕಷಾಯಕ್ಕೆ ಹೋಗುವುದು. ಸಕಾಲದಲ್ಲಿ ಹೋಗಿ ತಡೆದೆವು.

ಚಿತ್ರ ತೆಗೆಯಲು ಕೆಲಸಕ್ಕೆ ಹೊರಡುವ ಮುನ್ನ ಐದು ನಿಮಿಷ ಸಾಕು. ತಂಪು ಹೊತ್ತಿನಲ್ಲಿ ಹುಳುಗಳ ಓಡಾಟ ಮಂದ. ನಿಮ್ಮ ನೆರಳು ಹೂವಿನ ಮೇಲೆ ಬೀಳದಿರಲಿ. ಮೇಲಿನಿಂದ, ಪಕ್ಕದಿಂದ, ಎದುರಿನಿಂದ ಒಂದೊಂದು ಚಿತ್ರ ತೆಗೆಯಿರಿ. ಹೂವನ್ನೂ ಎಲೆಯನ್ನೂ ಬೇರೆಯಾಗಿ ತೆಗೆದು, ಸ್ಥಳ ಮತ್ತು ತಾರೀಖನ್ನು ಬರೆದಿಡಿ. ಬೆಳಿಗ್ಗೆ ಲೋಕಲ್ ಹಿಡಿಯುವ ಧಾವಂತದವರಿಗೆ ಸಂಜೆಯೂ ಆದೀತು: ನೀಲಿ ಪಟ್ಟೆಯ ಜೇನಿನ ಗಂಡುಗಳು ಕತ್ತಲಾಗುತ್ತಲೇ ಒಣಕಡ್ಡಿಯನ್ನು ದವಡೆಯಿಂದ ಕಚ್ಚಿ ಹಿಡಿದು, ಸಾಲಾಗಿ ನಿದ್ರಿಸುವುದುಂಟು. ಇಷ್ಟು ಸುಮ್ಮನೆ ಕೂರುವವರು ಸ್ಟುಡಿಯೋದಲ್ಲಿಯೂ ಸಿಕ್ಕಲಾರರು.

ಫಲಕದಲ್ಲಿ ಈಗ ‘ಹೂನೊಣ’ ಎಂದು ತಿದ್ದಿದ್ದೇವೆ. ಜಾತಿಯನ್ನು ಹೇಳಲು ರೆಕ್ಕೆಯ ನರಗಳೂ ಸ್ಪಷ್ಟವಾಗಿ ಕಾಣಬೇಕು. ನಮ್ಮ ಚಿತ್ರದಲ್ಲಿ ಅವು ಮಸುಕಾಗಿವೆ. ಆ ಜಾಗವನ್ನು ಖಾಲಿ ಬಿಟ್ಟಿದ್ದೇವೆ.