ಫಾರ್ಮ್ಯಾಟ್ ಹೊಡೆಯುವ ಮುನ್ನ

"ಅಣ್ಣ, ಸಿಸ್ಟಂ ಆನ್ ಮಾಡಿ ಟೀ ಕುಡಿದು ಬಂದ್ರೂ ಇನ್ನೂ ತಿರುಗ್ತಾನೇ ಇರುತ್ತೆ. ಒಂದ್ಸಲ ಫಾರ್ಮ್ಯಾಟ್ ಹೊಡೆದು ಕೊಟ್ಟುಬಿಡಿ." ದಾವಣಗೆರೆಯ ನಮ್ಮ ಸರ್ವಿಸ್ ಅಂಗಡಿಗೆ ಬರುವವರು ರೋಗವನ್ನೂ ಔಷಧಿಯನ್ನೂ ಒಟ್ಟಿಗೇ ಹೇಳಿಬಿಡುತ್ತಾರೆ. ಫಾರ್ಮ್ಯಾಟ್ ಹೊಡೆಯುವುದು ನಮಗೂ ಸುಲಭ. ಪೆನ್‌ಡ್ರೈವ್ ಚುಚ್ಚಿ ಬಿಟ್ಟರೆ ಕೆಲಸ ತಾನೇ ನಡೆಯುತ್ತದೆ, ತಲೆ ಉಪಯೋಗಿಸಬೇಕಿಲ್ಲ. ಆದರೆ ಕಾರಣ ಹುಡುಕದೆ ಮಾಡಿದ ಫಾರ್ಮ್ಯಾಟ್ ಎಷ್ಟೋ ಸಲ ಮೂರು ತಿಂಗಳಲ್ಲಿ ಅದೇ ಯಂತ್ರವನ್ನು ಅದೇ ದೂರಿನೊಂದಿಗೆ ವಾಪಸ್ ತರುತ್ತದೆ. ವಿಂಡೋಸ್ ಕಂಪ್ಯೂಟರ್‌ಗಳ ಜೊತೆ ಏಗುತ್ತಾ ಕಲಿತ ಕೆಲವು ಸಂಗತಿಗಳು ಇಲ್ಲಿವೆ.

1. ಮೊದಲು ಗಡಿಯಾರ ನೋಡಿ, ಮೌಸ್ ಆಮೇಲೆ

"ಸ್ಲೋ" ಎಂಬ ಒಂದೇ ದೂರಿನೊಳಗೆ ಮೂರು ಬೇರೆ ಬೇರೆ ಕಾಯಿಲೆಗಳಿರುತ್ತವೆ. ಪವರ್ ಬಟನ್ ಒತ್ತಿದಾಗಿನಿಂದ ವಿಂಡೋಸ್‌ನ ಚುಕ್ಕಿಗಳು ತಿರುಗಲು ಶುರುವಾಗುವವರೆಗೆ ಒಂದು ಘಟ್ಟ. ಅಲ್ಲಿಂದ ಪಾಸ್‌ವರ್ಡ್ ಕೇಳುವವರೆಗೆ ಎರಡನೆಯದು. ಪಾಸ್‌ವರ್ಡ್ ಹಾಕಿ ಡೆಸ್ಕ್‌ಟಾಪ್ ಬಂದ ಮೇಲೂ ಯಾವ ಐಕಾನ್ ಒತ್ತಿದರೂ ತೆರೆಯದೆ ಕಾಯಿಸುವುದು ಮೂರನೆಯದು. ಮೊದಲ ಘಟ್ಟದ ತಡಕ್ಕೂ ನೀವು ಹಾಕಿಕೊಂಡ ಸಾಫ್ಟ್‌ವೇರ್‌ಗೂ ಸಂಬಂಧವೇ ಇಲ್ಲ. ಎರಡನೆಯದು ಹೆಚ್ಚಾಗಿ ಡಿಸ್ಕ್, ಡ್ರೈವರ್ ಮತ್ತು ಹಿನ್ನೆಲೆಯ ಸರ್ವಿಸ್‌ಗಳದ್ದು. ಬೇಡದ ಸಾಫ್ಟ್‌ವೇರ್ ತೆಗೆದರೆ ಉಪಯೋಗ ಕಾಣುವುದು ಬಹುಮಟ್ಟಿಗೆ ಮೂರನೆಯ ಘಟ್ಟದಲ್ಲಿ. ಆದ್ದರಿಂದ ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ಮೂರನ್ನೂ ಬೇರೆ ಬೇರೆ ಬರೆದುಕೊಳ್ಳುತ್ತೇನೆ. ಗಿರಾಕಿ ಎದುರಿಗೇ ಇದ್ದರೆ ಒಳ್ಳೆಯದು. "ಅರ್ಧ ಗಂಟೆ" ಎನ್ನುತ್ತಿದ್ದದ್ದು ನಾಲ್ಕು ನಿಮಿಷ ಎಂದು ಇಬ್ಬರಿಗೂ ತಿಳಿಯುತ್ತದೆ.

2. ದಿನಾ ಶಟ್‌ಡೌನ್ ಮಾಡಿದರೂ ಯಂತ್ರ ಹಳೆಯ ಹೊರೆಯನ್ನೇ ಹೊತ್ತಿರಬಹುದು

ವಿಂಡೋಸ್ 8 ಬಂದ 2012ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ. ಶಟ್‌ಡೌನ್ ಕೊಟ್ಟಾಗ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ, ಆದರೆ ವಿಂಡೋಸ್‌ನ ತಿರುಳು ಮತ್ತು ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ನಲ್ಲಿ ಒಂದು ಫೈಲಾಗಿ ಉಳಿದುಕೊಳ್ಳುತ್ತದೆ. ಮರುದಿನ ವಿಂಡೋಸ್ ಅದನ್ನೇ ಮತ್ತೆ ಎಬ್ಬಿಸುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಎಲ್ಲವೂ ಮೊದಲಿನಿಂದ ಶುರು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದ ಸಿಪಿಯು ಭಾಗದಲ್ಲಿ "ಅಪ್ ಟೈಮ್" ನೋಡಿ. ದಿನಾ ಸಂಜೆ ಆಫ್ ಮಾಡುವ ಕಚೇರಿ ಕಂಪ್ಯೂಟರ್‌ನಲ್ಲೂ ಅದು ವಾರಗಟ್ಟಲೆ ತೋರಿಸುತ್ತದೆ. ಡ್ರೈವರ್ ಒಂದು ಕೆಟ್ಟು ಕೂತಿದ್ದರೆ ಅದೂ ದಿನಾ ಜೊತೆಗೇ ಏಳುತ್ತದೆ. ನಾನು ಮೊದಲು ರೀಸ್ಟಾರ್ಟ್ ಕೊಟ್ಟೇ ಅಳೆಯುವುದು. ಅಷ್ಟಕ್ಕೇ ಸರಿಹೋಗಿ ದುಡ್ಡು ತೆಗೆದುಕೊಳ್ಳಲು ಮುಜುಗರವಾದದ್ದೂ ಇದೆ.

3. ಸಾಫ್ಟ್‌ವೇರ್ ಮೇಲೆ ಕೈ ಇಡುವ ಮೊದಲು ಡಿಸ್ಕ್‌ನ ನಾಡಿ ಹಿಡಿಯಿರಿ

ಹಳೆಯ ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ಹೆಡ್‌ನ ಕೆಳಗೆ ಬರುವವರೆಗೆ ಕಾಯಲೇಬೇಕು. ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಸಣ್ಣ ಸಣ್ಣ ಫೈಲುಗಳಾದರೆ ಸೆಕೆಂಡಿಗೆ ನೂರನ್ನು ಓದುವುದೂ ಇದಕ್ಕೆ ಕಷ್ಟ. ಸಾಧಾರಣ ಎಸ್‌ಎಸ್‌ಡಿಗೆ ಅಂಥವು ಹತ್ತಾರು ಸಾವಿರ. ಸ್ಟಾರ್ಟಪ್ ಹೊತ್ತಿನಲ್ಲಿ ಆಗುವುದೇ ಇದು: ಆಂಟಿವೈರಸ್, ಪ್ರಿಂಟರ್‌ನ ಮಾನಿಟರ್, ಕ್ಲೌಡ್ ಸಿಂಕ್, ಬ್ರೌಸರ್ ಅಪ್‌ಡೇಟರ್ ಎಲ್ಲವೂ ಒಬ್ಬನೇ ಗುಮಾಸ್ತನಿರುವ ಕೌಂಟರಿಗೆ ಏಕಕಾಲಕ್ಕೆ ಮುಗಿಬೀಳುತ್ತವೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಶೇಕಡಾ ಎಂದು ಕೆಂಪಗೆ ನಿಂತಿರುತ್ತದೆ, ಸಿಪಿಯು ಮಾತ್ರ ಹತ್ತು ಶೇಕಡಾದಲ್ಲಿ ಆರಾಮಾಗಿ ಕೂತಿರುತ್ತದೆ. ಹೀಗೆ ಕಂಡರೆ ಎಸ್‌ಎಸ್‌ಡಿ ಹಾಕಿಸಿ ಎಂದು ನೇರವಾಗಿ ಹೇಳಿಬಿಡುತ್ತೇನೆ. ಗಂಟೆಗಟ್ಟಲೆ ಕೂತು ಪ್ರೋಗ್ರಾಂ ತೆಗೆದು ಉಳಿಸುವ ಸಮಯಕ್ಕಿಂತ ಇದರಿಂದ ಉಳಿಯುವುದು ಎಷ್ಟೋ ಪಾಲು ಹೆಚ್ಚು.

ಇನ್ನೊಂದು ಅಪಾಯದ ಸಾಧ್ಯತೆ, ಡಿಸ್ಕೇ ಸಾಯುತ್ತಿರುವುದು. ನಮ್ಮ ಕಡೆ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ. ಯುಪಿಎಸ್ ಬ್ಯಾಟರಿ ಸತ್ತು ವರ್ಷವಾಗಿದ್ದರೂ ಯಾರಿಗೂ ಚಿಂತೆಯಿಲ್ಲ. ಓದು-ಬರಹದ ನಡುವೆ ಧಪ್ ಅಂತ ಆಫ್ ಆಗುವುದನ್ನು ಎಷ್ಟು ದಿನ ಅಂತ ಡಿಸ್ಕ್ ತಡೆದೀತು? ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಪ್ರೋಗ್ರಾಂ ಓಡಿಸಿ ನೋಡಿ. "ಗುಡ್" ಎಂದು ನೀಲಿ ಬಣ್ಣದಲ್ಲಿದ್ದರೆ ಮುಂದುವರಿಯಿರಿ. ಹಳದಿಯಲ್ಲಿ "ಕಾಷನ್" ಎಂದಿದ್ದು, ಕೆಳಗಿನ ಪಟ್ಟಿಯಲ್ಲಿ ಸಿ5 ಎಂಬ ಸಾಲಿನ ಮುಂದೆ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ಅಲ್ಲಿಗೇ ಕೈ ತೆಗೆಯಿರಿ. ಓದಲಾಗದೆ ಅನುಮಾನದಲ್ಲಿಟ್ಟ ಸೆಕ್ಟರ್‌ಗಳ ಲೆಕ್ಕ ಅದು. ವಿಂಡೋಸ್ ಅಂಥ ಜಾಗವನ್ನು ಮತ್ತೆ ಮತ್ತೆ ಓದಲು ಹೋಗುವುದರಿಂದಲೇ ಬೂಟ್ ನಿಂತು ನಿಂತು ನಡೆಯುತ್ತಿರುತ್ತದೆ. ಇಂಥ ಡಿಸ್ಕ್‌ನ ಮೇಲೆ ಡಿಫ್ರಾಗ್ ಓಡಿಸುವುದು, ಹತ್ತು ಸಾಫ್ಟ್‌ವೇರ್ ಅನ್‌ಇನ್‌ಸ್ಟಾಲ್ ಮಾಡುವುದು ಎರಡೂ ಡೇಟಾಕ್ಕೆ ಕುತ್ತು. ಮೊದಲು ಬ್ಯಾಕಪ್, ಮಿಕ್ಕ ಮಾತೆಲ್ಲ ನಂತರ.

4. ಲೋಗೋಗಿಂತ ಮುಂಚಿನ ತಡ

ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದ ಮೇಲ್ಗಡೆ ಬಲತುದಿಯಲ್ಲಿ "ಲಾಸ್ಟ್ ಬಯೋಸ್ ಟೈಮ್" ಎಂದಿರುತ್ತದೆ. ವಿಂಡೋಸ್ ಕೈಗೆ ಯಂತ್ರ ಬರುವ ಮುಂಚೆ ಕಳೆದ ಸೆಕೆಂಡುಗಳು ಅವು. ಅದು ಅರ್ಧ ನಿಮಿಷದ ಹತ್ತಿರ ಇದ್ದರೆ ಚುಚ್ಚಿಯೇ ಬಿಟ್ಟಿರುವ ಪೆನ್‌ಡ್ರೈವ್, ಕಾರ್ಡ್ ರೀಡರ್, ಹೊರಗಿನ ಹಾರ್ಡ್ ಡಿಸ್ಕ್ ಕಿತ್ತು ನೋಡಿ. ಆನ್ ಆದಾಗಲೆಲ್ಲ ಎಫ್1 ಒತ್ತು ಎಂದು ಕೇಳುತ್ತ, ತಾರೀಕು ಹಿಂದಕ್ಕೆ ಓಡುತ್ತಿದ್ದರೆ ಮದರ್‌ಬೋರ್ಡ್‌ನ ನಾಣ್ಯದಾಕಾರದ ಸೆಲ್ ಬದಲಿಸಿ. ಸಿಆರ್2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ.

5. "ಹೈ ಇಂಪ್ಯಾಕ್ಟ್" ನೋಡಿ ಗಾಬರಿಯಾಗಬೇಡಿ

ಅದೇ ಸ್ಟಾರ್ಟಪ್ ಪುಟದಲ್ಲಿ ಪ್ರತಿ ಪ್ರೋಗ್ರಾಂ ಮುಂದೆ ಹೈ, ಮೀಡಿಯಂ, ಲೋ ಎಂದಿರುತ್ತದೆ. ಸಿಪಿಯುನ ಒಂದು ಸೆಕೆಂಡಿಗಿಂತ ಹೆಚ್ಚು ಬಳಸಿದರೆ ಅಥವಾ ಡಿಸ್ಕ್‌ನಲ್ಲಿ 3 ಎಂಬಿಗಿಂತ ಹೆಚ್ಚು ಓದಿ ಬರೆದರೆ ಅದು ಹೈ. ಈಗಿನ ಪ್ರೋಗ್ರಾಂಗಳಿಗೆ 3 ಎಂಬಿ ಯಾವ ಲೆಕ್ಕ? ಹಾಗಾಗಿ ಮುಕ್ಕಾಲುವಾಸಿ ಎಲ್ಲದಕ್ಕೂ ಹೈ ಎಂದೇ ಬೀಳುತ್ತದೆ. ಈ ಪದಕ್ಕಿಂತ "ಇದು ಬೆಳಿಗ್ಗೆ ಆನ್ ಮಾಡಿದ ಕೂಡಲೇ ಬೇಕೇ?" ಎಂಬ ಪ್ರಶ್ನೆಯೇ ಮೇಲು. ಮೀಟಿಂಗ್ ಆ್ಯಪ್, ಹಾಡಿನ ಆ್ಯಪ್, ಟೊರೆಂಟ್, ಗೇಮ್ ಲಾಂಚರ್ ಬೇಕಾದಾಗ ತೆರೆದುಕೊಂಡರೆ ಸಾಕು. ಅವನ್ನು ಡಿಸೇಬಲ್ ಮಾಡಿದರೆ ಪ್ರೋಗ್ರಾಂ ಎಲ್ಲಿಗೂ ಹೋಗುವುದಿಲ್ಲ, ತಾನಾಗಿ ಏಳುವುದು ನಿಲ್ಲುತ್ತದೆ ಅಷ್ಟೆ. ಕ್ರೋಮ್ ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುತ್ತಿರಲು ಅದರ ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದಲ್ಲಿ ಒಂದು ಗುಂಡಿ ಇದೆ. ಅದನ್ನೂ ಆಫ್ ಮಾಡಿ.

6. ವಿಂಡೋಸ್ ತನ್ನ ಲೆಕ್ಕ ತಾನೇ ಬರೆದಿಟ್ಟಿರುತ್ತದೆ

ಇದನ್ನು ನೋಡುವವರು ತೀರಾ ಕಡಿಮೆ. ಈವೆಂಟ್ ವ್ಯೂವರ್ ತೆರೆದು ಅಪ್ಲಿಕೇಷನ್ಸ್ ಅಂಡ್ ಸರ್ವಿಸಸ್ ಲಾಗ್ಸ್, ಮೈಕ್ರೋಸಾಫ್ಟ್, ವಿಂಡೋಸ್, ಡಯಾಗ್ನೋಸ್ಟಿಕ್ಸ್-ಪರ್ಫಾರ್ಮೆನ್ಸ್, ಆಪರೇಷನಲ್ ಎಂದು ಒಂದರೊಳಗೊಂದು ಇಳಿಯಿರಿ. ಅಲ್ಲಿ 100ನೇ ನಂಬರಿನ ಈವೆಂಟ್ ಎಂದರೆ ಒಂದು ಬೂಟ್‌ನ ಪೂರ್ತಿ ಲೆಕ್ಕ. ಬೂಟ್ ಡ್ಯುರೇಷನ್ ಮಿಲಿಸೆಕೆಂಡಿನಲ್ಲಿರುತ್ತದೆ. 184000 ಎಂದಿದ್ದರೆ ಮೂರು ನಿಮಿಷದ ಮೇಲೆ ನಾಲ್ಕು ಸೆಕೆಂಡು. ಡೀಟೇಲ್ಸ್ ಒತ್ತಿದರೆ ಅದೇ ಮೊತ್ತ ಎರಡು ಪಾಲಾಗಿ ಕಾಣುತ್ತದೆ: ಡೆಸ್ಕ್‌ಟಾಪ್ ಬರುವವರೆಗಿನದು ಮೇನ್ ಪಾತ್, ಆಮೇಲೆ ಯಂತ್ರ ಸುಧಾರಿಸಿಕೊಳ್ಳುವವರೆಗಿನದು ಪೋಸ್ಟ್ ಬೂಟ್. 184ರಲ್ಲಿ 140 ಸೆಕೆಂಡು ಪೋಸ್ಟ್ ಬೂಟ್‌ನಲ್ಲೇ ಹೋಗಿದ್ದರೆ ಕಳ್ಳರು ಸ್ಟಾರ್ಟಪ್ ಪಟ್ಟಿಯಲ್ಲಿದ್ದಾರೆ. ಸುತ್ತಮುತ್ತ 101 ಕಂಡರೆ ತಡ ಮಾಡಿದ ಪ್ರೋಗ್ರಾಂ, 102 ಆದರೆ ಡ್ರೈವರ್, 103 ಆದರೆ ಸರ್ವಿಸ್. ಹೆಸರೂ ಅಲ್ಲೇ ಇರುತ್ತದೆ. ಹಿಂದಿನ ತಿಂಗಳ ಈವೆಂಟ್‌ಗಳೂ ಉಳಿದಿದ್ದರೆ ಯಾವ ದಿನದಿಂದ ಅಂಕಿ ಏರಿತು ಎಂದು ನೋಡಿ, ಆ ವಾರ ಏನು ಹಾಕಿಸಿದಿರಿ ಎಂದು ಕೇಳುತ್ತೇನೆ. "ಏನೂ ಹಾಕಿಲ್ಲ ಸರ್" ಎಂದು ಮೊದಲು ಹೇಳಿದವರಿಗೆ ಆಗ ಹೊಸ ಪ್ರಿಂಟರ್ ನೆನಪಾಗುತ್ತದೆ.

ಇನ್ನೂ ಆಳಕ್ಕೆ ಹೋಗಬೇಕಾದರೆ ಮಾರ್ಕ್ ರುಸಿನೊವಿಚ್ ಮತ್ತು ಅವರ ಜೊತೆಗಾರರು ಕಟ್ಟಿದ ಸಿಸ್‌ಇಂಟರ್ನಲ್ಸ್ ಸಂಗ್ರಹದ ಆಟೋರನ್ಸ್ ಇದೆ. 2006ರಿಂದ ಅದು ಮೈಕ್ರೋಸಾಫ್ಟ್‌ನದೇ, ಉಚಿತ. ತಾನಾಗಿ ಏಳುವ ಪ್ರತಿಯೊಂದೂ ಅದರಲ್ಲಿ ಕಾಣುತ್ತದೆ. ಮೈಕ್ರೋಸಾಫ್ಟ್‌ನವನ್ನು ಮರೆಮಾಡುವ ಆಯ್ಕೆ ಕೊಟ್ಟರೆ ಪಟ್ಟಿ ಕೈಗೆ ಸಿಗುವಷ್ಟಾಗುತ್ತದೆ. ಹಳದಿ ಸಾಲುಗಳ ಫೈಲೇ ಇಲ್ಲ, ಎಂದೋ ತೆಗೆದ ಪ್ರೋಗ್ರಾಂಗಳ ಪಳೆಯುಳಿಕೆ ಅವು. ಟಿಕ್ ತೆಗೆಯಿರಿ, ಡಿಲೀಟ್ ಬೇಡ. ಡ್ರೈವರ್‌ಗಳ ಪುಟದಲ್ಲಂತೂ ಗೊತ್ತಿಲ್ಲದ್ದನ್ನು ಮುಟ್ಟಲೇಬೇಡಿ, ಯಂತ್ರ ಏಳುವುದೇ ನಿಂತೀತು.

7. ಹೆಸರು ಅಪರಿಚಿತ ಎಂದ ಮಾತ್ರಕ್ಕೆ ಅದು ಬೇಡದ್ದಲ್ಲ

ಅನ್‌ಇನ್‌ಸ್ಟಾಲ್ ಪಟ್ಟಿಯ ಮುಂದೆ ಕೂತಾಗ ಹುಡುಗರಿಗೆ ಮೈಮೇಲೆ ಬರುತ್ತದೆ. ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಎಂಬುದು 2008, 2010, 2013 ಎಂದು ನಾಲ್ಕಾರು ಸಲ ಕಾಣುತ್ತದೆ; ಹಳೆಯದೆಲ್ಲ ಕಸ ಎಂದು ಕಿತ್ತು ಹಾಕುತ್ತಾರೆ. 2010ರದ್ದನ್ನು ನಂಬಿಕೊಂಡ ಪ್ರೋಗ್ರಾಂಗೆ 2013ರದ್ದು ಆಗಿಬರುವುದಿಲ್ಲ. ಅವು ಸ್ಟಾರ್ಟಪ್‌ನಲ್ಲಿ ಏಳುವುದೂ ಇಲ್ಲ, ಬೂಟ್‌ನ ಒಂದು ಸೆಕೆಂಡನ್ನೂ ತಿನ್ನುವುದಿಲ್ಲ. ಇದ್ದಲ್ಲೇ ಇರಲಿ.

ಆಡಿಟರ್ ಕಚೇರಿಯ ಯಂತ್ರದಲ್ಲಿ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೆಂದು ಒಂದು ಪುಟ್ಟ ಪ್ರೋಗ್ರಾಂ ಗಡಿಯಾರದ ಪಕ್ಕ ಕೂತಿರುತ್ತದೆ. ಚೀನಿ ಹೆಸರಿನಂತೆ ಕಾಣುವ ಆ ಫೈಲನ್ನು ವೈರಸ್ ಎಂದು ತೆಗೆದವರಿದ್ದಾರೆ. 20ನೇ ತಾರೀಕು ಜಿಎಸ್‌ಟಿಆರ್-3ಬಿ ಸಲ್ಲಿಸುವ ಹೊತ್ತಿಗೆ ಟೋಕನ್ ಕಾಣದೆ ಆ ಕಚೇರಿಯಲ್ಲಿ ಏಳುವ ಗದ್ದಲವನ್ನು ಎದುರಿಸಲು ನಾನಂತೂ ತಯಾರಿಲ್ಲ. ಹಲವು ಕಂಪ್ಯೂಟರ್‌ಗಳಲ್ಲಿ ಟ್ಯಾಲಿ ನಡೆಸುವ ಎಪಿಎಂಸಿ ಅಂಗಡಿಯಲ್ಲಿ ಲೈಸೆನ್ಸ್ ಹಂಚುವ ಗೇಟ್‌ವೇ ಸರ್ವರ್ ಒಂದೇ ಯಂತ್ರದಲ್ಲಿರುತ್ತದೆ. ಅದನ್ನು ನಿಲ್ಲಿಸಿದರೆ ಮಿಕ್ಕ ಟೇಬಲ್‌ಗಳ ಬಿಲ್ಲಿಂಗ್ ನಿಲ್ಲುತ್ತದೆ. ಡಿಟಿಪಿ ಅಂಗಡಿಯಲ್ಲಿ ನುಡಿ, ಬರಹ ಎರಡೂ ಆರಂಭದಲ್ಲೇ ಏಳುವಂತೆ ಇಟ್ಟಿರುತ್ತಾರೆ. ಇವು ತಿನ್ನುವುದು ಅತ್ಯಲ್ಪ. ಬಂದ ಕೂಡಲೇ ಕನ್ನಡದಲ್ಲಿ ಟೈಪ್ ಮಾಡಲು ಕೂರುವ ಆಪರೇಟರ್‌ಗೆ ಇವು ಬೇಕೇ ಬೇಕು. ಅದೇ ಅಂಗಡಿಯಲ್ಲಿ ನಿಜವಾಗಿ ಭಾರವಾಗಿರುವುದು ಸಿಕ್ಕಸಿಕ್ಕಲ್ಲಿಂದ ತಂದು ಸುರಿದ ಸಾವಿರಾರು ಫಾಂಟ್‌ಗಳು. ಲಗ್ನಪತ್ರಿಕೆಗೆ ಬಳಸುವ ಹತ್ತಿಪ್ಪತ್ತನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬೇರೆ ಫೋಲ್ಡರ್‌ಗೆ ಸರಿಸಿದರೆ ಪೇಜ್‌ಮೇಕರ್ ತೆರೆಯುವ ವೇಗವೇ ಬೇರೆ.

ಯಾರು ಯಾವ ಕೆಲಸಕ್ಕೆ ಏನು ಬಳಸುತ್ತಾರೆ ಎಂದು ಯಜಮಾನರನ್ನಲ್ಲ, ಕೀಬೋರ್ಡ್ ಮುಂದೆ ಕೂರುವವರನ್ನು ಕೇಳಬೇಕು. "ಮೇಡಂ, ಇದನ್ನ ಯಾವತ್ತಾದ್ರೂ ತೆರೆದಿದ್ದೀರಾ?" ಎಂಬ ಒಂದು ಪ್ರಶ್ನೆಗೆ ಯಾವ ಕ್ಲೀನರ್ ಪ್ರೋಗ್ರಾಂಗೂ ಗೊತ್ತಿಲ್ಲದ ಉತ್ತರ ಸಿಗುತ್ತದೆ. ಅನುಮಾನವಿದ್ದರೆ ಮೊದಲು ಡಿಸೇಬಲ್, ಹದಿನೈದು ದಿನ ಯಾರೂ ಕೂಗದಿದ್ದರೆ ಅನ್‌ಇನ್‌ಸ್ಟಾಲ್.

8. ಆಂಟಿವೈರಸ್ ಒಂದೇ ಸಾಕು

ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಒಂದು, ಅದರ ಅವಧಿ ಮುಗಿದಾಗ ಅಂಗಡಿಯವನು ಕೊಟ್ಟ ಡಬ್ಬಿಯದೊಂದು. ಎರಡೂ ಪ್ರತಿ ಫೈಲನ್ನು ತೆರೆದು ನೋಡುತ್ತಾ ಒಂದರ ಕಾಲು ಒಂದು ತುಳಿಯುತ್ತಿರುತ್ತವೆ. ಮಾಮೂಲಿ ಅನ್‌ಇನ್‌ಸ್ಟಾಲ್‌ನಿಂದ ಇವು ಪೂರ್ತಿ ಹೋಗದಿದ್ದರೆ ಆಯಾ ಕಂಪನಿಯವರೇ ಕೊಡುವ ರಿಮೂವಲ್ ಟೂಲ್ ಬಳಸಿ. ಬೇರೆ ಯಾವುದೂ ಇಲ್ಲದಿದ್ದಾಗ ವಿಂಡೋಸ್‌ನ ಡಿಫೆಂಡರ್ ತಾನೇ ಎಚ್ಚೆತ್ತುಕೊಳ್ಳುತ್ತದೆ. ಸಾಧಾರಣ ಕಚೇರಿಗೆ ಅಷ್ಟು ಸಾಕೆಂಬುದು ನನ್ನ ಅಭಿಪ್ರಾಯ. ಆಂಟಿವೈರಸ್ ಮಾರಿ ಕಮಿಷನ್ ತೆಗೆದುಕೊಳ್ಳುವ ನಮ್ಮ ವೃತ್ತಿಯವರು ಒಪ್ಪುವುದಿಲ್ಲ.

9. ರಿಜಿಸ್ಟ್ರಿ ಕ್ಲೀನರ್, ಬೂಸ್ಟರ್, ಡ್ರೈವರ್ ಅಪ್‌ಡೇಟರ್

ಬೇಡ. ವೇಗ ಹೆಚ್ಚಿಸಲೆಂದು ಹಾಕಿದ ಬೂಸ್ಟರ್ ತಾನೇ ಸ್ಟಾರ್ಟಪ್ ಪಟ್ಟಿಯ ತುದಿಯಲ್ಲಿ ಕೂತಿರುತ್ತದೆ. ಹೆಸರಾಂತದ್ದಾದರೆ ಭಯವಿಲ್ಲ ಎನ್ನುವಂತೆಯೂ ಇಲ್ಲ: 2017ರಲ್ಲಿ ಸಿಕ್ಲೀನರ್‌ನ 5.33ನೇ ಆವೃತ್ತಿಯೊಳಕ್ಕೇ ಹ್ಯಾಕರ್‌ಗಳು ಮಾಲ್‌ವೇರ್ ನುಗ್ಗಿಸಿದ್ದರು, 20 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಅದು ಅಧಿಕೃತ ದಾರಿಯಲ್ಲೇ ತಲುಪಿತ್ತು. ಕಳ್ಳ ವಿಂಡೋಸ್‌ಗೆ ಹಾಕುವ ಆಕ್ಟಿವೇಟರ್‌ಗಳದ್ದು ಇನ್ನೊಂದು ಕಥೆ. ಪ್ರತಿ ಸಲ ಬೂಟ್ ಆದಾಗಲೂ ಓಡುವಂತೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಅಡಗಿರುವುದನ್ನು ಕಂಡಿದ್ದೇನೆ.

10. ಏನೂ ಸಿಗದಿದ್ದರೆ ಅರ್ಧರ್ಧ ಮಾಡಿ

ರನ್ ಡಬ್ಬಿಯಲ್ಲಿ ಎಂಎಸ್‌ಕಾನ್ಫಿಗ್ ಬರೆದು ಸರ್ವಿಸಸ್ ಪುಟದಲ್ಲಿ ಮೊದಲು ಮೈಕ್ರೋಸಾಫ್ಟ್‌ನವನ್ನು ಮರೆಮಾಡಿ, ಉಳಿದವನ್ನು ಆಫ್ ಮಾಡಿ ರೀಸ್ಟಾರ್ಟ್ ಕೊಡಿ. ಚುರುಕಾಯಿತೇ? ಅರ್ಧವನ್ನು ಮತ್ತೆ ಆನ್ ಮಾಡಿ. ಮತ್ತೆ ತಡವಾದರೆ ಆ ಅರ್ಧದಲ್ಲೇ ಇದೆ, ಅದನ್ನು ಮತ್ತೆ ಅರ್ಧ ಮಾಡಿ. ಮೂವತ್ತೆರಡು ಸರ್ವಿಸ್ ಇದ್ದರೂ ಐದಾರು ರೀಸ್ಟಾರ್ಟ್‌ನಲ್ಲಿ ಒಂದಕ್ಕೆ ಬಂದು ನಿಲ್ಲುತ್ತೀರಿ. ಒಂದೊಂದಾಗಿ ಪರೀಕ್ಷಿಸಲು ಕೂತರೆ ಸಂಜೆಯಾಗುತ್ತದೆ.

11. ತೆಗೆದದ್ದು ಮರಳಿ ಬರುತ್ತದೆ

ಪ್ರೋಗ್ರಾಂ ಅಪ್‌ಡೇಟ್ ಆದಾಗ ಸ್ಟಾರ್ಟಪ್ ಪಟ್ಟಿಗೆ ತನ್ನ ಹೆಸರನ್ನು ಮತ್ತೆ ಸೇರಿಸಿಕೊಳ್ಳುವುದುಂಟು. ಆದ್ದರಿಂದ ಕೆಲಸ ಮುಗಿದ ಮೇಲೆ ಸ್ಟಾರ್ಟಪ್ ಪಟ್ಟಿಯ, 100ನೇ ಈವೆಂಟ್‌ನ ಫೋಟೊ ತೆಗೆದು ಗಿರಾಕಿಯ ವಾಟ್ಸ್ಆ್ಯಪ್‌ಗೆ ಕಳಿಸಿಬಿಡುತ್ತೇನೆ. ಆರು ತಿಂಗಳ ಮೇಲೆ "ಮತ್ತೆ ಸ್ಲೋ ಆಗಿದೆ ಅಣ್ಣ" ಎಂದು ಫೋನ್ ಬಂದರೆ, ಅದೇ ಪುಟ ತೆರೆದು ಇನ್ನೊಂದು ಫೋಟೊ ಕಳಿಸಿ ಎನ್ನುತ್ತೇನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹೊಸದಾಗಿ ಸೇರಿದ ಹೆಸರು ತಾನಾಗಿ ಕಾಣುತ್ತದೆ. ಹೆಚ್ಚಿನ ಸಲ ಯಂತ್ರವನ್ನು ಅಂಗಡಿಗೆ ಹೊತ್ತು ತರಬೇಕಾಗುವುದಿಲ್ಲ.