ಅಗಲ ಹಲಗೆಯನ್ನೇ ಆರಿಸಿ

ಅಮೆರಿಕದಲ್ಲಿ ಮನೆಯ ಗೋಡೆ, ಮಾಡು ಎಬ್ಬಿಸಲು ಬಳಸುವ ಮರ ಮೇಜು-ಬೆಂಚಿಗೆ ಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆರೆಗನ್‌ನ ನಮ್ಮ ಮನೆಯ ಊಟದ ಮೇಜು ಅಂಥ ಮರವಾದ ಡಗ್ಲಸ್ ಫರ್‌ನದೇ. ಯಂತ್ರಕ್ಕೆ ಕೊಡುವ ಮುಂಚೆ ಮರವನ್ನು ಸರಿಯಾಗಿ ಆರಿಸಬೇಕು, ಅಷ್ಟೇ.

'ಟೂ ಬೈ ಫೋರ್' ಎಂದು ಮಾರುವ ಪಟ್ಟಿಯ ನಿಜವಾದ ಅಳತೆ 1½ ಇಂಚು, 3½ ಇಂಚು. ಸಣ್ಣ ದಿಮ್ಮಿಯಿಂದ ಕೊಯ್ದ ಪಟ್ಟಿಯೊಳಗೆ ಎಷ್ಟೋ ಸಲ ತಿರುಳೇ ಉಳಿದಿರುತ್ತದೆ. ಅಂಥದ್ದು ಒಣಗುತ್ತ ಸೀಳುತ್ತದೆ, ತಿರುಚಿಕೊಳ್ಳುತ್ತದೆ. ಅದಕ್ಕೇ ನಾನು 'ಟೂ ಬೈ ಟ್ವೆಲ್ವ್' ತರುತ್ತೇನೆ. 11¼ ಇಂಚು ಅಗಲದ ಹಲಗೆ ಬರಬೇಕಾದರೆ ಮರ ದೊಡ್ಡದಿರಲೇಬೇಕು, ಗಂಟೂ ಕಡಿಮೆ. ತಿರುಳು ನಡುವೆ ಹಾದುಹೋದ ಹಲಗೆ ಸಿಕ್ಕರೆ ಬಿಡುವುದಿಲ್ಲ. ತಿರುಳಿನ ಭಾಗ ಸೀಳಿ ತೆಗೆದರೆ, ಎರಡೂ ಬದಿಯಲ್ಲಿ ಬೆಳವಣಿಗೆಯ ಉಂಗುರಗಳು ನೆಟ್ಟಗೆ ನಿಂತ ಪಟ್ಟಿಗಳು ಸಿಗುತ್ತವೆ. ಅವು ಅಗಲದಲ್ಲಿ ಕುಗ್ಗುವುದೂ ಕಡಿಮೆ, ಡೊಂಕಾಗುವುದೂ ಕಡಿಮೆ.

ಹಲಗೆಯ ಮೇಲಿನ ಮುದ್ರೆ ಓದಲೇಬೇಕು. 'ಎಸ್-ಜಿಆರ್‌ಎನ್' ಎಂದಿದ್ದರೆ ಹಸಿ ಮರ. 'ಕೆಡಿ' ಎಂದರೆ ಗೂಡಿನಲ್ಲಿ ಒಣಗಿಸಿದ್ದು, ಆದರೂ ತೇವಾಂಶ ಶೇ. 19ರವರೆಗೆ ಇರಬಹುದು. ಮನೆಯೊಳಗಿನ ಪೀಠೋಪಕರಣಕ್ಕೆ ಶೇ. 8ರ ಆಸುಪಾಸು ಬೇಕು. ಹಾಗಾಗಿ ಹಲಗೆಗಳ ನಡುವೆ ಸಣ್ಣ ರಿಪೀಸು ಇಟ್ಟು, ಗಾಳಿಯಾಡುವಂತೆ ಪೇರಿಸಿ, ತೇವಾಂಶ ಮೀಟರಿನ ಅಂಕಿ ಇಳಿಯುವವರೆಗೆ ಕಾಯುತ್ತೇನೆ. ಈ ಕಾಯುವಿಕೆಗೆ ಬದಲಿ ಯಾವ ಯಂತ್ರದಲ್ಲೂ ಇಲ್ಲ.

ಆಮೇಲೆ ಬೇಕಾದ ಉದ್ದಕ್ಕಿಂತ ತುಸು ಹೆಚ್ಚಿಗೆ ತುಂಡು ಮಾಡಿಕೊಳ್ಳುವುದು. ಎಂಟಡಿ ಹಲಗೆಯ ಬಾಗು ತೆಗೆಯಹೋದರೆ ದಪ್ಪವೆಲ್ಲ ಹೊಟ್ಟಾಗುತ್ತದೆ. ಮೂರಡಿ ತುಂಡಿನಲ್ಲಿ ಅದೇ ಬಾಗು ಅತ್ಯಲ್ಪ. ಹಲಗೆಗೆ ಹೊಡೆದ ಸ್ಟೇಪಲ್ ಪಿನ್ನು ಕಿತ್ತು, ಮೊದಲು ಮಟ್ಟಸ ಮಾಡುವ ಯಂತ್ರವಾದ ಜಾಯಿಂಟರ್‌ನಲ್ಲಿ ಒಂದು ಮುಖ, ಅದಕ್ಕೆ ಮೂಲೆಮಟ್ಟವಾಗಿ ಒಂದು ಅಂಚು. ದಪ್ಪ ಸಮ ಮಾಡುವ ಪ್ಲೇನರ್ ಅದರ ನಂತರವೇ. ಪ್ಲೇನರ್‌ನ ರೋಲರುಗಳು ಬಾಗಿದ ಹಲಗೆಯನ್ನು ಒತ್ತಿ ಹಿಡಿದು ಹೆರೆಯುತ್ತವೆ. ಹೊರಬಂದ ಹಲಗೆ ಮತ್ತೆ ಬಾಗುತ್ತದೆ, ತೆಳ್ಳಗಾಗಿರುತ್ತದೆ ಅಷ್ಟೆ.

ಒಂದೇ ದಿನ ಮುಗಿಸುವುದೂ ಬೇಡ. ಕಾಲಿಂಚು ಅಲ್ಲದಿದ್ದರೂ 1/8 ಇಂಚು ದಪ್ಪ ಹೆಚ್ಚಿಟ್ಟು, ಕೆಲವು ದಿನ ನಿಲ್ಲಿಸಿ, ಒಳಗಿನ ಬಿಗಿತ ಸಡಿಲಿ ಬಂದ ಡೊಂಕನ್ನು ಎರಡನೇ ಸುತ್ತಿನಲ್ಲಿ ಎರಡೂ ಮುಖದಿಂದ ಸಮನಾಗಿ ತೆಗೆಯಬೇಕು. ಸೀಳುವಾಗ ಇದೇ ಬಿಗಿತ ಗರಗಸದ ಅಲಗನ್ನು ಅಮುಕಿ ಹಿಡಿದು ಮರವನ್ನು ನಮ್ಮತ್ತಲೇ ಎಸೆಯಬಲ್ಲದು. ಅಲಗಿನ ಹಿಂದಿನ ರೈವಿಂಗ್ ನೈಫ್ ತೆಗೆದಿಟ್ಟು ಯಾರೂ ಸೀಳಬಾರದು.

ಕೊನೆಗೆ ಉಳಿಯುವುದು ಸುಮಾರು 1¼ ಇಂಚು ದಪ್ಪ. ಮೇಜಿನ ಹಲಗೆಗೆ ಅದು ಧಾರಾಳ. ಕಾಲಿಗೆ ಮಾತ್ರ ಎರಡು ಪಟ್ಟಿ ಜೋಡಿಸಿ ಅಂಟಿಸುತ್ತೇನೆ.