ಇಂದಿನ ಚಿಂತನೆ: ಒಲ್ಲೆ ಎಂದ ಪಾತ್ರ



ಸಮ್ಯಕ್ ಆಜೀವ ಎಂದರೆ ಹೆಂಡ, ವಿಷ, ಆಯುಧ ಮಾರಬಾರದು ಎಂದಷ್ಟೇ ಓದಿ ಮುಂದೆ ಹೋಗುತ್ತೇವೆ. ನಟನಾದವನು ಮಾರುವುದು ತನ್ನ ಮುಖವನ್ನು. ಅದರ ಜೊತೆ ತನ್ನ ಜನರ ಮುಖವೂ ಹೋಗುತ್ತದೆ.

1964ರಲ್ಲಿ ಶ್ರೇಷ್ಠ ನಟ ಆಸ್ಕರ್ ಪಡೆದ ಮೊದಲ ಕಪ್ಪು ನಟ ಸಿಡ್ನಿ ಪಾಯ್ಟಿಯರ್, ಬಹಾಮಾಸ್‌ನ ಟೊಮೆಟೊ ರೈತನ ಮಗ. ಅದಕ್ಕೂ ಸುಮಾರು ಹತ್ತು ವರ್ಷ ಮೊದಲು, ಕೈಯಲ್ಲಿ ಕಾಸಿಲ್ಲದಾಗ, ಒಂದು ಪಾತ್ರ ಬಂತು. ಕಸಗುಡಿಸುವ ಕಪ್ಪು ಮನುಷ್ಯ. ಅವನ ಬಾಯಿ ಮುಚ್ಚಿಸಲು ಗೂಂಡಾಗಳು ಮಗಳನ್ನು ಕೊಂದು ಅಂಗಳಕ್ಕೆ ಎಸೆಯುತ್ತಾರೆ. ಅವನು ಸುಮ್ಮನಿರುತ್ತಾನೆ, ಅಷ್ಟೇ ಪಾತ್ರ.

ಪಾಯ್ಟಿಯರ್ ಒಲ್ಲೆ ಎಂದರು. ತನ್ನಪ್ಪ ಹಾಗೆ ಸುಮ್ಮನಿರುವವನಲ್ಲ ಎಂಬುದೇ ಕಾರಣ.

ಆಗ ಹೆಂಡತಿಗೆ ದಿನ ತುಂಬಿತ್ತು. ಮನೆಸಾಮಾನಿನ ಮೇಲೆ 75 ಡಾಲರ್ ಸಾಲ ತಂದು ಆಸ್ಪತ್ರೆಗೆ ಕಟ್ಟಿದರು. ಹುಟ್ಟಿದ್ದು ಹೆಣ್ಣುಮಗು.